ಅಕ್ಕನಿಗಾಗಿ ಹಾಕಿಸಿದ ಕಮಾನು ಪಟ್ಟಿ

ಅಕ್ಕ ಮತ್ತೆ ಬಸುರಿ ಎಂದು ಪಾವಗಡದ ಅವಳ ಗಂಡನ ಮನೆಯಿಂದ ಸುದ್ದಿ ಬಂದ ದಿನ ನಮ್ಮಪ್ಪ ಸಿಹಿ ಹಂಚಲಿಲ್ಲ, ಕಾರಿನ ಕೆಳಗೆ ತೂರಿಕೊಂಡ. ಅರವತ್ತರ ದಶಕದ ಮೊದಲ ವರ್ಷಗಳು. ಮಧುಗಿರಿಯಲ್ಲಿ ನಮ್ಮದು ಕಡಲೆಕಾಯಿ ವ್ಯಾಪಾರ. ಕಾರು ಯಾರೋ ಸಾಹೇಬರು ಓಡಿಸಿ ಸಾಕಾಗಿ ಮಾರಿದ್ದು, ವಯಸ್ಸಿನಲ್ಲಿ ನನಗೆ ಅಣ್ಣನಾಗಬೇಕು.

ಮೊದಲ ಬಸುರಿನಲ್ಲಿ ಅಕ್ಕನನ್ನು ಹೆರಿಗೆಗೆಂದು ಇದೇ ಕಾರಿನಲ್ಲಿ ಕರೆತಂದಿದ್ದೆವು. ಹಿಂದಿನ ಚಕ್ರಗಳ ಮೇಲೆ ಕಾರಿನ ಭಾರ ಹೊರುವ ಉಕ್ಕಿನ ಕಮಾನು ಪಟ್ಟಿಗಳು ಆಗಲೇ ಸವೆದು ಚಪ್ಪಟೆಯಾಗಿದ್ದವು, ಒಂದು ಮುರಿದೂ ಇತ್ತು. ಗುಂಡಿ ಸಿಕ್ಕಿದರೆ ಹಿಂದೆ ಕೂತವರ ತಲೆ ಚಾವಣಿಗೆ ಬಡಿಯುತ್ತಿತ್ತು. ಮನೆಗೆ ಬಂದ ಮರುದಿನವೇ ನೋವು ಬಂತು, ಮಗು ಉಳಿಯಲಿಲ್ಲ. ಕಾರಿನ ಕುಲುಕಿನಿಂದಲೇ ಹೀಗಾಯಿತೆಂದು ಹೇಳಲು ಬರುವುದಿಲ್ಲ ಎಂದರು ಡಾಕ್ಟರು. ಅಪ್ಪ ಆ ಮಾತನ್ನು ಕಿವಿಗೆ ಹಾಕಿಕೊಳ್ಳಲೇ ಇಲ್ಲ. ಮನೆಯಲ್ಲಿ ಯಾರೂ ಅವನನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದನೋ ಏನೋ.

ಹಿತ್ತಲ ಹುಣಸೆಮರದಡಿ ಕಾರಿಗೆ ಜಾಕಿ ಕೊಟ್ಟು ಎತ್ತಿ, ಕಲ್ಲುಗಳ ಮೇಲೆ ಕೂರಿಸಿದೆವು. ತುಕ್ಕು ಹಿಡಿದ ಬೋಲ್ಟುಗಳಿಗೆ ಸೀಮೆಎಣ್ಣೆ ಕುಡಿಸಿ ಕುಡಿಸಿ ಸಾಕಾಯಿತು. ನಮ್ಮ ಕೆಲವು ನೆಂಟರ ಹಾಗೆ, ಕೂತಲ್ಲಿಂದ ಏಳುವ ಪೈಕಿಯಲ್ಲ. ಕೊನೆಗೆ ಗರಗಸ ಹಾಕಿ ಕೊಯ್ದೆ. ಪಟ್ಟಿಗಳನ್ನು ಬಸ್ಸಿನ ಮೇಲೆ ಹೇರಿಕೊಂಡು ಶಿರಾಕ್ಕೆ ಹೋದೆವು. ಅಲ್ಲಿನ ಕುಲುಮೆಯ ಸಾಬರು ಮುರಿದದ್ದಕ್ಕೆ ಬದಲು ಹೊಸ ಪಟ್ಟಿ ಮಾಡಿಕೊಟ್ಟು, ಉಳಿದವನ್ನು ಕಾಯಿಸಿ ಬಡಿದು ಮತ್ತೆ ಬಾಗಿಸಿದರು. ಬಾಡಿಗೆ ಗಾಡಿಯೇ ಎಂದು ಕೇಳಿದರು. ಮಗಳನ್ನು ಕರೆತರುವ ಗಾಡಿ ಎಂದ ಅಪ್ಪ.

ಪಟ್ಟಿ ಬಿಗಿದು, ಅದರ ತುದಿಯ ರಬ್ಬರ್ ಬುಷ್ಷುಗಳನ್ನೂ ಹೊಸದಾಗಿ ಹಾಕಿದ ಮೇಲೆ ಪರೀಕ್ಷೆ. ಅಮ್ಮನನ್ನು ಹಿಂದೆ ಕೂರಿಸಿ, ತೊಡೆಯ ಮೇಲೆ ನೀರು ತುಂಬಿದ ಚೊಂಬು ಕೊಟ್ಟು, ಕೊರಟಗೆರೆ ದಾರಿಯಲ್ಲಿ ಹೋಗಿ ಬಂದೆವು. ಅಮ್ಮನ ಸೀರೆ ನೆನೆದಿತ್ತು. ಅಪ್ಪ ಮತ್ತೆ ಎಲ್ಲ ಬಿಚ್ಚತೊಡಗಿದ. ನನಗೆ ರೇಗಿಹೋಯಿತು, ತುಂಬಿದ ಚೊಂಬು ನಡೆದುಕೊಂಡು ಹೋದರೂ ತುಳುಕುತ್ತದೆ ಎಂದೆ. ಅವನು ಪಟ್ಟಿಗಳ ನಡುವೆ ಗ್ರೀಸು ಬಳಿಯುತ್ತಿದ್ದ. ಆ ಮುಖ ನೋಡಿ ನಾನೂ ಸ್ಪ್ಯಾನರು ಹಿಡಿದೆ.

ಒಳ್ಳೆಯ ದಿನ ನೋಡಿ ಮೂವರೂ ಪಾವಗಡಕ್ಕೆ ಹೋದೆವು. ಊಟವಾಯಿತು, ಬೀಗರು ಮಡಿಲು ತುಂಬಿ ಕಳಿಸಿಕೊಟ್ಟರು. ಅಪ್ಪ ಹಿಂದಿನ ಬಾಗಿಲು ತೆಗೆದು ಹಿಡಿದುಕೊಂಡು ನಿಂತ. ಸೀಟಿನ ಮೇಲೆ ಅಮ್ಮ ಹತ್ತಿಯ ಹಾಸಿಗೆ ಹಾಸಿದ್ದಳು. ಅಕ್ಕ ಕಾರಿನ ತನಕ ಬಂದು ನಿಂತುಬಿಟ್ಟಳು.

"ಅಪ್ಪ, ನಾನು ಬಸ್ಸಾಗೆ ಬತ್ತೀನಿ."

"ಪಟ್ಟಿ ಎಲ್ಲಾ ಹೊಸಾವು ಹಾಕಿವ್ನಿ ಕಣಮ್ಮ. ಒಂಚೂರೂ ಕುಲುಕಾಕಿಲ್ಲ."

"ಗೊತ್ತು ಕಣಪ್ಪ. ಆ ಸೀಟ್ನಾಗೆ ಕೂರಾಕೆ ನನ್ ಕೈಲಿ ಆಗಾಕಿಲ್ಲ."

ಅಪ್ಪ ಬಾಗಿಲು ಮುಚ್ಚಿದ. ಅಮ್ಮ ಅಕ್ಕನ ಜೊತೆ ಬಸ್ಸು ಹತ್ತಿದಳು. ನಾವಿಬ್ಬರೂ ಬಸ್ಸಿನ ಹಿಂದೆ ಧೂಳು ಕುಡಿಯುತ್ತ ಹೊರಟೆವು. ದಾಟಿ ಮುಂದೆ ಹೋಗೋಣ ಎಂದರೆ ಅಪ್ಪ ಒಪ್ಪಲಿಲ್ಲ. ಬಸ್ಸು ಗುಂಡಿಗೆ ಬಿದ್ದು ಎದ್ದಾಗಲೆಲ್ಲ ಅವನು ನರಳುವುದು ನನಗೆ ಕೇಳುತ್ತಿತ್ತು. ಆಮೇಲೆ ಅದೇ ಗುಂಡಿ ನಮಗೆ ಬರುತ್ತಿತ್ತು, ಕಾರು ಮೆತ್ತಗೆ ಇಳಿದು ಏರಿ ಹೋಗುತ್ತಿತ್ತು.