ಎಡೆಗೆ ಒಂದು ಬಾಟಲಿ ಬಿಳಿ ವೈನು

"ಬಿಳಿ ವೈನ್ ಇದ್ಯಾ, ಹಸಿರು ದ್ರಾಕ್ಷಿದು?" ಎಂದು ಕೇಳಿದವರು ಎಸ್ಟೇಟ್ ಕೆಲಸದ ತಿಮ್ಮಪ್ಪಣ್ಣ. ಕೊಪ್ಪದ ನನ್ನ ಅಂಗಡಿಯಲ್ಲಿ ಅವರು ಯಾವತ್ತೂ ಕ್ವಾರ್ಟರ್ ರಮ್ ದಾಟಿದವರಲ್ಲ. ಆಗ ನಮ್ಮ ಕಡೆ ವೈನ್ ಕೇಳುವವರೇ ಅಪರೂಪ. ಮಾರಾಟವಾಗದೆ ಕೂತಿದ್ದ ಸೊವಿನ್ಯೋ ಬ್ಲಾಂ ಎಂಬ ಬಿಳಿ ವೈನಿನ ಬಾಟಲಿ ಇವತ್ತಾದರೂ ಹೋಗಲಿ ಎಂದು ಉಪದೇಶ ಶುರುಮಾಡಿದೆ.

"ಚೆನ್ನಾಗಿ ತಣ್ಣಗಿರಬೇಕು. ಲಿಂಬೆ ಹಿಂಡಿದ ಹುರಿದ ಮೀನು ಒಳ್ಳೆ ಜೋಡಿ. ಖಾರದ ಕೋಳಿಸಾರು ಬೇಡ ಮಾರಾಯ್ರೆ, ಇದರ ಹುಳಿರುಚಿ ಅಡಗಿಹೋಗ್ತದೆ. ಮನೆಯವರಿಗೂ ಒಂದು ಲೋಟ ಕೊಡಿ."

"ಅವಳಿಗೇ ತಗೊಂಡು ಹೋಗ್ತಿರೋದು," ಎಂದರು. "ಬಂಗಲೆಯಲ್ಲಿ ಅಡುಗೆಗಿದ್ದಾಗ ಯಾರೋ ನೆಂಟರು ಒಂದು ಗುಟುಕು ಕೊಟ್ಟಿದ್ರಂತೆ. ಇನ್ನೊಂದ್ಸಲ ಕುಡೀಬೇಕು ಅಂತಿದ್ಲು, ನಾನು ನಗಾಡಿ ಸುಮ್ಮನಾದೆ. ಅವಳು ತೀರಿಕೊಂಡ ಮೇಲೆ ಇವತ್ತು ಮೊದಲನೇ ಎಡೆ. ಎಡೆ ಇಟ್ಟು, ಅವಳು ಬಂದು ಉಣ್ಣಲಿ ಅಂತ ಬಾಗಿಲು ಮುಚ್ಚಿ, ನಾವೆಲ್ಲ ಹೊರಗೆ ಕೂರ್ತೇವಲ್ಲ, ಅಷ್ಟರಲ್ಲಿ ಬಿಸಿಯಾದ್ರೆ ಅವಳಿಗೆ ಸೇರ್ತದಾ?"

"ಬಾಗಿಲು ಮುಚ್ಚುವ ಹೊತ್ತಿಗೆ ಲೋಟಕ್ಕೆ ಹಾಕಿ" ಎಂದು ಹೇಳಿ, ಫ್ರಿಜ್‌ನಲ್ಲಿದ್ದ ಬಾಟಲಿಗೆ ಒದ್ದೆ ಬಟ್ಟೆ ಸುತ್ತಿಕೊಟ್ಟೆ.

ಅಂದಿನಿಂದ ಆ ವೈನ್ ಕೇಳಿದವರಿಗೆ, ಇಷ್ಟಪಡುವವರು ಇರುವಾಗಲೇ ಕುಡಿಸಿಬಿಡಿ ಎನ್ನುತ್ತೇನೆ. ವ್ಯಾಪಾರದ ಮಾತು ಎಂದು ನಗುತ್ತಾರೆ.