ಚಹಾ ಹೀರಿ ಬಿಟ್ಟ ಮಲ್ಲಿಗೆ

ಮಲ್ಲಿಗೆಯೆಂದರೆ ನನಗೆ ಚಿಕ್ಕಂದಿನಿಂದಲೂ ಆಗದು. ಹೀಗೆಂದರೆ ಮಸ್ಕತ್ತಿನ ಹಮ್ರಿಯಾದ ನಮ್ಮ ಕಟ್ಟಡದ ಹೆಂಗಸರು ನನ್ನನ್ನು ಒಂಥರಾ ನೋಡುತ್ತಾರೆ. ಅವರಿಗೇನು, ಗುರುವಾರ ಸಂಜೆ ವಿಮಾನದಲ್ಲಿ ಬಂದಿಳಿದ ಹೂವನ್ನು ಅಂಗಡಿಯಿಂದ ತಂದು ಮುಡಿದರೆ ಆಯಿತು. ನಾನು ಅದೇ ಹೂವಿನ ಗಿಡಗಳ ನಡುವೆ, ಉಡುಪಿಯ ಹತ್ತಿರದ ಊರಿನಲ್ಲಿ ಹುಟ್ಟಿದವಳು. ಶಾಲೆಗೆ ಹೋಗುವ ಮೊದಲು ಇಬ್ಬನಿಯಲ್ಲಿ ನಿಂತು ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹೂವಿನವರು ಬರುವುದರೊಳಗೆ ಚೆಂಡು ಮಾಡಿಡಬೇಕಿತ್ತು. ಹಬ್ಬವೆಂದು ಗಿಡ ರಜೆ ಕೊಡುವುದಿಲ್ಲ, ಪರೀಕ್ಷೆಯೆಂದೂ ಕೊಡುವುದಿಲ್ಲ. ಕ್ರಿಸ್ಮಸ್ಸಿನ ದಿನವೂ ಮೊದಲು ಮೊಗ್ಗು, ಆಮೇಲೆ ಇಗರ್ಜಿ.

ಅಮ್ಮನಿಗೆ ಮಾತ್ರ ಆ ಗಿಡಗಳ ಮೇಲೆ ಸಿಟ್ಟೇ ಬರುತ್ತಿರಲಿಲ್ಲ. ಮಾರಾಟಕ್ಕೆ ಮೊಗ್ಗೇ ಆಗಬೇಕು. ಎಲೆಯ ಮರೆಯಲ್ಲಿ ನಮ್ಮ ಕಣ್ಣು ತಪ್ಪಿಸಿ ಅರಳಿಬಿಟ್ಟ ಹೂವನ್ನು ಯಾರೂ ಕೊಳ್ಳುವುದಿಲ್ಲ. ಅಂಥವನ್ನೆಲ್ಲ ಅವಳು ತನ್ನ ತುರುಬಿಗೆ ಸಿಕ್ಕಿಸಿಕೊಳ್ಳುತ್ತಿದ್ದಳು. ದಿನವಿಡೀ ಬಿಸಿಲಲ್ಲಿ, ಒಲೆಯ ಮುಂದೆ ಬೆಂದು, ಮಲಗುವ ಹೊತ್ತಿಗೆ ಅವು ಕಂದು ಬಣ್ಣಕ್ಕೆ ತಿರುಗಿರುತ್ತಿದ್ದವು. ತೆಗೆದಿಟ್ಟು ಮಲಗು ಎಂದರೆ ಕೇಳುವವಳಲ್ಲ. ಅವಳ ದಿಂಬಿನಿಂದ ಬರುತ್ತಿದ್ದುದು ಮಲ್ಲಿಗೆಯ ಪರಿಮಳವಲ್ಲ, ಬಾಡಿದ ಹೂವೂ ತೆಂಗಿನೆಣ್ಣೆಯೂ ಸೇರಿದ, ಸ್ವಲ್ಪ ಹುಳಿಯಾದ ಒಂದು ವಾಸನೆ. ನಾನು ಮೂಗು ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದೆ.

ಆಮೇಲೆ ಮದುವೆ, ಮಸ್ಕತ್, ಆಸ್ಪತ್ರೆಯೊಂದರ ಬಿಲ್ಲಿಂಗ್ ವಿಭಾಗದಲ್ಲಿ ಕೆಲಸ. ಎಲ್ಲ ಸರಿಯಾಗಿಯೇ ಇತ್ತು. ಒಮ್ಮೆ ಜ್ವರ ಬಂತು, ಹೋಗುವಾಗ ನನ್ನ ಮೂಗನ್ನೂ ಕಟ್ಟಿಕೊಂಡು ಹೋಯಿತು. ಒಗ್ಗರಣೆ ಸೀದರೆ ತಿಳಿಯದು, ಹಾಲು ಹುಳಿಯಾದರೆ ತಿಳಿಯದು. ಡಾಕ್ಟರು ಬರುತ್ತದೆ, ಕಾಯಿರಿ ಎಂದರು. ಕಾಯುತ್ತಿರುವಾಗಲೇ ಅಮ್ಮ ಹೋದಳು. ಊರಿಗೆ ಓಡಿದೆ. ಶವಪೆಟ್ಟಿಗೆಯ ತುಂಬ ಮಲ್ಲಿಗೆ ಸುರಿದಿದ್ದರು, ಮನೆಯಲ್ಲಿ ಉಸಿರಾಡಲು ಆಗುತ್ತಿಲ್ಲ ಎಂದು ಯಾರೋ ಅಂದರು. ನನಗೆ ಬಿಳಿ ಬಣ್ಣ ಬಿಟ್ಟರೆ ಬೇರೇನೂ ಇರಲಿಲ್ಲ. ಬಗ್ಗಿ ಅವಳ ಕೂದಲಿಗೆ ಮೂಗು ಒತ್ತಿದೆ. ಏನೂ ಇಲ್ಲ. ಅವಳ ಮುಖ ಫೋಟೋದಲ್ಲಿದೆ, ದನಿ ನನ್ನ ಫೋನಿನಲ್ಲಿದೆ. ವಾಸನೆಯನ್ನು ಎಲ್ಲಿಂದ ತರುವುದು? ಅದಿಲ್ಲದೆ ಅಮ್ಮನನ್ನು ನಾನು ಅರ್ಧ ಮಾತ್ರ ಕಳೆದುಕೊಂಡಂತೆ, ಅರ್ಧ ಎಲ್ಲೋ ಬಿಟ್ಟು ಬಂದಂತೆ ಅನಿಸುತ್ತಿತ್ತು. ಅಳು ಬರಲಿಲ್ಲ. ಮಸ್ಕತ್ತಿಗೆ ಮರಳಿದ ಮೇಲೂ ಬರಲಿಲ್ಲ.

ಆ ಚಳಿಗಾಲದಲ್ಲಿ ನಮ್ಮ ಎದುರು ಫ್ಲ್ಯಾಟಿಗೆ ಚೀನಾದ ಒಬ್ಬ ಹೆಂಗಸು ಬಂದಳು. ಮಗ ಪಕ್ಕದ ರೂವಿಯಲ್ಲಿ ದೀಪಗಳ ಅಂಗಡಿ ಇಟ್ಟಿದ್ದ, ತಾಯಿಯನ್ನು ಕರೆಸಿಕೊಂಡಿದ್ದ. ಅರವತ್ತು ದಾಟಿದ, ಗುಂಡು ಮುಖದ, ಸದಾ ಏನನ್ನಾದರೂ ತಟ್ಟೆಯಲ್ಲಿ ಹರವಿ ಕೂರುವ ಹೆಂಗಸು. ನಮ್ಮಿಬ್ಬರ ನಡುವೆ ಇದ್ದ ಭಾಷೆಯೆಂದರೆ ಇಲ್ಲಿ ಎಲ್ಲರ ಬಾಯಲ್ಲೂ ಇರುವ ನಾಲ್ಕಾರು ಅರಬ್ಬಿ ಮಾತು. ಮುಗಿಯಿತು ಎನ್ನಲು ಖಲಾಸ್, ನಡೆ ಎನ್ನಲು ಯಲ್ಲಾ, ನಿಧಾನ ಎನ್ನಲು ಶ್ವಾಯ್ ಶ್ವಾಯ್. ಉಳಿದದ್ದಕ್ಕೆ ಅವಳ ಫೋನಿತ್ತು. ಅವಳು ಅದಕ್ಕೆ ಚೀನೀ ಭಾಷೆಯಲ್ಲಿ ಹೇಳುವಳು, ಅದು ನನಗೆ ಕನ್ನಡದಲ್ಲಿ ಹೇಳುವುದು. ನಮ್ಮ ಶಾಲೆಯ ಕನ್ನಡ ಪಂಡಿತರೂ ಅಷ್ಟು ಬಿಗಿಯಾದ ಕನ್ನಡ ಆಡಿದವರಲ್ಲ.

ಶುಕ್ರವಾರ ಮಧ್ಯಾಹ್ನಗಳಲ್ಲಿ ಅವಳು ನನ್ನನ್ನು ಕರೆಯುತ್ತಿದ್ದಳು. ಗಂಡ ಊಟ ಮಾಡಿ ಗೊರಕೆ ಹೊಡೆಯುತ್ತಿರುವ ಹೊತ್ತು. ಪರದೆ ಎಳೆದ ಕೋಣೆ, ಏಸಿಯ ಗುಂಯ್ ಸದ್ದು, ಹೊರಗೆ ಬಿಸಿಲಿಗೆ ಬೆಳ್ಳಗಾದ ಬೋಳು ಗುಡ್ಡ. ಅವಳು ಡಬ್ಬಿಗಳನ್ನು ಒಂದೊಂದಾಗಿ ತೆರೆಯುವಳು, ಫೋನು ತೂಕಡಿಸುವ ದನಿಯಲ್ಲಿ ಹೇಳುತ್ತ ಹೋಗುವುದು. ಒಂದು ಎಲೆ ಚಪ್ಪಟೆ, ನುಣುಪು: ಸರೋವರವೊಂದರ ಬದಿಯ ಊರಿನಲ್ಲಿ ಕಾದ ಬಾಣಲೆಯೊಳಗೆ ಬರಿಗೈಯಿಂದ ಒತ್ತಿ ಒತ್ತಿ ಹುರಿದದ್ದು. ಇನ್ನೊಂದು ಕಪ್ಪಗೆ ಸುರುಟಿಕೊಂಡದ್ದು, ಕಲ್ಲುಬಂಡೆಗಳ ಸಂದಿಯಲ್ಲಿ ಬೆಳೆದು ಇದ್ದಿಲ ಕಾವಿನಲ್ಲಿ ಗಂಟೆಗಟ್ಟಲೆ ಕೂತು ಬಂದದ್ದು. ಬೆಳ್ಳಿಯ ಹಾಗೆ ರೋಮವಿರುವ ಮೊಗ್ಗಿನ ಚಹಾವೂ ಇತ್ತು. ಅದನ್ನು ಹುರಿಯುವುದೂ ಇಲ್ಲ, ಉಜ್ಜುವುದೂ ಇಲ್ಲ, ಗಾಳಿಬಿಸಿಲಿನಲ್ಲಿ ಹರವಿ ಸುಮ್ಮನೆ ಬಾಡಲು ಬಿಡುತ್ತಾರೆ. ಒತ್ತಿ ಬಿಲ್ಲೆ ಮಾಡಿ ವರ್ಷಗಟ್ಟಲೆ ಮಾಗಲು ಇಟ್ಟ ಚಹಾದ ತುಂಡೊಂದನ್ನು ಮನೆಗೆ ಕೊಟ್ಟಳು. ನನ್ನ ಗಂಡ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಎಂತ ಮಾರಾಯ್ತಿ, ಇದು ದನಕ್ಕೆ ಹಾಕುವ ಹಿಂಡಿ ಅಲ್ವಾ?" ಎಂದರು.

ನನಗೆ ಎಲ್ಲವೂ ಬಿಸಿನೀರು. ಒಂದು ನಾಲಿಗೆಗೆ ಸ್ವಲ್ಪ ಒಗರು, ಇನ್ನೊಂದು ಗಂಟಲಲ್ಲಿ ಸ್ವಲ್ಪ ನುಣುಪು, ಅಷ್ಟೇ. ಆದರೂ ಅವಳು ಮುಖ ನೋಡುತ್ತಾಳಲ್ಲ, ಆಹಾ ಎನ್ನುತ್ತಿದ್ದೆ. ಅಲ್ಲಿ ಕೂರುವುದೇ ನನಗೆ ಬೇಕಾಗಿತ್ತು. ಉಗುರುದ್ದದ ಲೋಟದಿಂದ ಹಬೆ ಏಳುವುದನ್ನು ನೋಡುತ್ತ ಕೂತರೆ ನಾನು ಎಚ್ಚರವಾಗಿದ್ದೇನೋ ಮಲಗಿದ್ದೇನೋ ತಿಳಿಯುತ್ತಿರಲಿಲ್ಲ.

ಅಮ್ಮ ಹೋಗಿ ವರ್ಷ ತುಂಬುವ ವಾರ ಗಂಡ ಅವಳ ಫೋಟೋಕ್ಕೆಂದು ಒಂದು ಚೆಂಡು ಮಲ್ಲಿಗೆ ತರುತ್ತಿದ್ದರು. ಲಿಫ್ಟಿನಲ್ಲಿ ಎದುರುಮನೆಯವಳೂ ಇದ್ದಳಂತೆ. ಒಂದು ಮಾತಿಲ್ಲ ಕತೆಯಿಲ್ಲ, ಇವರ ಕೈಯ ಚೀಲಕ್ಕೆ ಮೂಗು ಹಾಕಿಬಿಟ್ಟಳು. ಇವರು ಹೆದರಿ ಚೀಲವನ್ನೇ ಕೊಟ್ಟು ಮನೆಗೆ ಬಂದರು. ಹಿಂದೆಯೇ ಅವಳು ಬಂದಳು, ಕಣ್ಣಲ್ಲಿ ನೀರು. ಫೋನು ಹೇಳಿತು: "ಇದು ನನ್ನ ಊರಿನ ಪುಷ್ಪವಾಗಿದೆ."

ಆಗ ತಿಳಿಯಿತು. ಅವಳ ಊರು ಫೂಜೌ, ಮಲ್ಲಿಗೆ ಚಹಾದ ಊರು. ಅವಳು ಹುಡುಗಿಯಾಗಿದ್ದಾಗಿನಿಂದ ಕಾರ್ಖಾನೆಯಲ್ಲಿ ಹೂವನ್ನೂ ಎಲೆಯನ್ನೂ ರಾಶಿ ಹಾಕಿದವಳು. ಅಲ್ಲಿ ವಸಂತದಲ್ಲಿ ಕೊಯ್ದ ಹಸಿರು ಚಹಾವನ್ನು ಒಣಗಿಸಿ ಎತ್ತಿಡುತ್ತಾರೆ, ಬೇಸಿಗೆಯಲ್ಲಿ ಹೂವು ಬರುವವರೆಗೂ ಅದು ಕಾಯುತ್ತದೆ. ಮಧ್ಯಾಹ್ನ ಕೊಯ್ದ ಮೊಗ್ಗು ಸಂಜೆ ಬಾಯಿ ಬಿಡುವ ಹೊತ್ತಿಗೆ ಎಲೆಯ ಜೊತೆ ಬೆರೆಸುತ್ತಾರೆ. ಹೂವು ಉಸಿರು ಬಿಡುತ್ತದೆ, ಎಲೆ ಕುಡಿಯುತ್ತದೆ. ಬೆಳಿಗ್ಗೆ ಹೂವನ್ನು ಜರಡಿ ಹಿಡಿದು ಬಿಸಾಡಿ, ತೇವವಾದ ಎಲೆಯನ್ನು ಒಣಗಿಸಿ, ಮತ್ತೆ ಹೊಸ ಹೂವು. ಹೀಗೆ ಹಲವು ಸಲ. ನಿಮ್ಮ ಮನೆಯಲ್ಲೇ ಮಾಡೋಣ ಎಂದಳು. ಅವಳ ಫ್ಲ್ಯಾಟಿನಲ್ಲಿ ಬೆಳ್ಳುಳ್ಳಿ, ಒಣಮೀನು. ಚಹಾ ಎಲ್ಲ ವಾಸನೆಯನ್ನೂ ಹೀರುತ್ತದಂತೆ.

ಮುಂದಿನ ಗುರುವಾರ ಹೂವಿನಂಗಡಿಗೆ ಹೋದೆವು. ಅಂಗಡಿಯವರು ಮಂಗಳೂರಿನ ಕಡೆಯ ಬ್ಯಾರಿಗಳು. ಅಷ್ಟು ಹೂವು ಕೇಳಿದ್ದಕ್ಕೆ, "ಯಾರಿಗೆ ಅಕ್ಕಾ ಮದುವೆ?" ಎಂದರು.

"ಚಹಾಕ್ಕೆ," ಎಂದೆ.

"ಯಾ ಅಲ್ಲಾ! ಮಲ್ಲಿಗೆ ಹಾಕಿ ಚಾ ಮಾಡುದಾ?" ಎಂದವರು, ನನ್ನ ಪಕ್ಕದಲ್ಲಿ ಗಂಭೀರವಾಗಿ ಮೊಗ್ಗು ಹಿಸುಕಿ ನೋಡುತ್ತಿದ್ದವಳನ್ನು ಕಂಡು ಚೆಂಡು ಎಣಿಸತೊಡಗಿದರು.

ಮನೆಗೆ ತಂದು ಬಾಳೆಲೆ ಬಿಚ್ಚಿದೊಡನೆ ಅವಳು ತಲೆ ಚಚ್ಚಿಕೊಂಡಳು. ಹೂವನ್ನು ಕಟ್ಟುತ್ತಾರೆಯೇ! ಕಟ್ಟಿದ ಹೂವು ಹೇಗೆ ಉಸಿರಾಡಬೇಕು? ಕೂತು ಬಿಚ್ಚಿದೆವು. ನಾರಿನ ಗಂಟು ಎಲ್ಲಿ ಶುರು, ಎಲ್ಲಿ ಕೊನೆ ಎಂದು ನನ್ನ ಬೆರಳಿಗೆ ಕೇಳದೆಯೇ ಗೊತ್ತಿತ್ತು. ಅಮ್ಮ ಇಡೀ ಜೀವಮಾನ ಕಟ್ಟಿದ್ದನ್ನು ನಾನು ಮಸ್ಕತ್ತಿನಲ್ಲಿ ಕೂತು ಬಿಚ್ಚುತ್ತಿದ್ದೆ. ಒಳಗಿನ ಕೋಣೆಯಲ್ಲಿ ಹೊಸ ಚಾಪೆಯ ಮೇಲೆ ಅವಳು ತಂದ ಹಸಿರು ಚಹಾದ ಎಲೆಯ ಒಂದು ಪದರ, ಹೂವಿನ ಒಂದು ಪದರ ಹಾಕಿ ಬೆರೆಸಿ, ಅವಳು ಶ್ವಾಯ್ ಶ್ವಾಯ್ ಎಂದು ಬಾಗಿಲು ಎಳೆದುಕೊಂಡು ಹೋದಳು.

ನಾನು ಎಂದಿನಂತೆ ಜಪಸರದ ಹೊತ್ತಿಗೆ ಲುಬಾನ್ ಧೂಪ ಹಚ್ಚಿದೆ. ಈ ಊರಿಗೆ ಬಂದ ಮೇಲೆ ಅಂಟಿದ ಅಭ್ಯಾಸ. ಮೂಗು ಹೋದ ಮೇಲೆ ಇನ್ನೂ ಜಾಸ್ತಿಯೇ ಹಚ್ಚುತ್ತಿದ್ದೆ, ಹೊಗೆಯನ್ನು ಕಣ್ಣಿನಿಂದಾದರೂ ನೋಡಬಹುದಲ್ಲ ಎಂದು. ಬೆಳಿಗ್ಗೆ ಅವಳು ಬಂದು ಒಂದು ಹಿಡಿ ಎಲೆ ಮೂಸಿದಳು. ಮತ್ತೆ ಮೂಸಿದಳು. ಆಮೇಲೆ ಗೋಡೆ ಹಿಡಿದುಕೊಂಡು ನಗತೊಡಗಿದಳು. ಫೋನು ಹೇಳಿತು: "ಈ ಚಹಾದ ಒಳಗೆ ಒಂದು ದೇವಾಲಯವಿದೆ."

ಅವಳು ನಗುತ್ತಿದ್ದಳು, ನನಗೆ ಮೈಯೆಲ್ಲ ಉರಿಯಿತು. ಫೋನನ್ನು ಕಿತ್ತುಕೊಂಡು ಹೇಳಿಬಿಟ್ಟೆ: ನನಗೆ ವಾಸನೆ ಬರುವುದಿಲ್ಲ. ಹೂವಿನದ್ದೂ ಇಲ್ಲ, ಹೊಗೆಯದ್ದೂ ಇಲ್ಲ. ನನ್ನ ಅಮ್ಮನದ್ದೂ ಇಲ್ಲ. ಅದು ಚೀನೀ ಭಾಷೆಯಲ್ಲಿ ಏನೆಂದು ಹೇಳಿತೋ, ಅವಳ ನಗು ನಿಂತಿತು. ನನ್ನ ಮೂಗನ್ನು ಎರಡು ಬೆರಳಿನಿಂದ ಮಗುವಿನದ್ದನ್ನು ಹಿಡಿಯುವಂತೆ ಹಿಡಿದು, ಬಿಟ್ಟಳು. "ಯಲ್ಲಾ," ಎಂದಳು. ಮುಂದಿನ ಗುರುವಾರ ಮತ್ತೆ ಮಾಡೋಣ ಎಂದು.

ಎರಡನೇ ಸಲ ಲುಬಾನಿನ ಒಲೆಯನ್ನು ಬಾಲ್ಕನಿಯಲ್ಲಿಟ್ಟು ಬಾಗಿಲು ಹಾಕಿದೆ. ಮಲಗುವ ಮೊದಲು ಅವಳು ಬಂದು ನನ್ನ ಕೈಯನ್ನು ಹಿಡಿದು ರಾಶಿಯೊಳಗೆ ತೂರಿಸಿದಳು. ಒಳಗೆ ಬೆಚ್ಚಗಿತ್ತು, ಜ್ವರ ಬಂದವರ ಅಂಗೈಯ ಹಾಗೆ. ಹೂವುಗಳು ಅಲ್ಲಿ ಕತ್ತಲಲ್ಲಿ ಅರಳುತ್ತಿದ್ದವು. ಕಾವು ಹೆಚ್ಚಾದರೆ ಹೂವು ಬೇಯುತ್ತದೆಂದು ರಾಶಿಯನ್ನು ಹರವಿ, ಆರಿಸಿ, ಮತ್ತೆ ಒಟ್ಟಿದೆವು. ಆ ರಾತ್ರಿ ನನಗೆ ಯಾರೋ ಪಕ್ಕದ ಕೋಣೆಯಲ್ಲಿ ಉಸಿರಾಡುತ್ತಿದ್ದಾರೆ ಎಂದು ಅನಿಸುತ್ತಲೇ ಇತ್ತು.

ಬೆಳಿಗ್ಗೆ ಜರಡಿ ಹಿಡಿದೆವು. ಹೂವುಗಳು ಜೋತುಬಿದ್ದು, ಅಂಚು ಕಂದಾಗಿದ್ದವು. "ಖಲಾಸ್," ಎಂದು ಅವನ್ನು ಕೈಯಿಂದ ಆಚೆ ತಳ್ಳಿ, ಅವಳು ಎಲೆಯನ್ನು ಓವನ್ನಿನ ಸಣ್ಣ ಕಾವಿಗೆ ಇಡಲು ಹೋದಳು. ನಾನು ಹೂವನ್ನು ಕಸದ ಚೀಲಕ್ಕೆ ತುಂಬಿ, ಬಾಯಿ ಕಟ್ಟಲು ಬಗ್ಗಿದೆ.

ಬಂತು.

ಪರಿಮಳವಲ್ಲ. ಬೆಚ್ಚಗೆ, ತೇವವಾಗಿ, ಸ್ವಲ್ಪ ಹುಳಿಯಾಗಿ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ನನ್ನ ಬೆನ್ನಿಗೆ ಅಮ್ಮನ ಮೊಣಕಾಲು ತಾಗಿತು. ಚಿಮಣಿಯ ಬತ್ತಿ ಇಳಿಸುವ ಅವಳ ಕೈ ಕಂಡಿತು. ನಾನು ಅಡುಗೆಮನೆಯ ನೆಲದ ಮೇಲೆ ಕೂತು, ಕಸದ ಚೀಲದೊಳಗೆ ಮುಖ ಇಟ್ಟು, ಒಂದು ವರ್ಷದ ಅಳುವನ್ನೆಲ್ಲ ಅತ್ತೆ. ಅಳುತ್ತಿದ್ದಂತೆ ಮೂಗು ಕಟ್ಟಿತು. ಒರೆಸಿಕೊಂಡು ಮತ್ತೆ ಮೂಸಿದರೆ ಏನೂ ಇರಲಿಲ್ಲ. ಬಾಗಿಲಲ್ಲಿ ಇಣುಕಿದ ನೆಂಟರ ಹಾಗೆ ಬಂದು ಹೋಗಿತ್ತು.

ಅವಳು ಮೊದಲ ಲೋಟ ಮಾಡಿ ತಂದಳು. ಅದರಲ್ಲಿ ನನಗೆ ಏನೂ ಸಿಗಲಿಲ್ಲ, ಈ ಸಲ ಆಹಾ ಎನ್ನಲೂ ಇಲ್ಲ. ಬದಲಿಗೆ ಫೋನಿಗೆ ಅಮ್ಮನ ತುರುಬಿನ ಕತೆ, ದಿಂಬಿನ ಕತೆ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಜೀವಮಾನವೆಲ್ಲ ಇಂಥ ಹೂವನ್ನು ಗುಡಿಸಿ ಎಸೆದವಳು, ಬಗ್ಗಿ ಚೀಲಕ್ಕೆ ಮೂಗಿಟ್ಟು ಮೂಸಿದಳು. ಆಮೇಲೆ ಎದ್ದು, ಚಹಾ ತೆಗೆದ ಓವನ್ನಿಗೆ ಹೂವನ್ನು ಹರವಿ ಒಣಗಲಿಟ್ಟಳು. ಮಧ್ಯಾಹ್ನ ಕೇಳದೆಯೇ ನಮ್ಮ ಮಲಗುವ ಕೋಣೆಗೆ ನುಗ್ಗಿ ನನ್ನ ದಿಂಬಿನ ಹೊಲಿಗೆ ಬಿಚ್ಚಿದಳು. ಹತ್ತಿಯ ನಡುವೆ ಹೂವು ತುಂಬಿ, ಹಲ್ಲಿನಿಂದ ದಾರ ಕಡಿದು, ದಿಂಬನ್ನು ತಟ್ಟಿ ನನ್ನ ಮಡಿಲಿಗೆ ಹಾಕಿದಳು.

ಊಟ ಮಾಡಿ ಮಲಗಿದೆ. ಪರದೆಯ ಆಚೆ ಬಿಸಿಲು, ಏಸಿಯ ಸದ್ದು. ದಿಂಬಿಗೆ ಮೂಗು ಒತ್ತಿ ನೋಡಿದೆ, ಬಟ್ಟೆಯ ತಂಪು ಮಾತ್ರ. ಪಕ್ಕದಲ್ಲಿ ಗಂಡ ಎರಡು ಸಲ ಹೊರಳಿ, ಕೊನೆಗೆ ಎದ್ದು ಕೂತರು.

"ಎಂತ ವಾಸನೆ ಮಾರಾಯ್ತಿ ಇದು? ಹಳೇ ಹೂ ಕೊಳೆತ ಹಾಗೆ!"

"ಬರ್ತಾ ಉಂಟಾ?" ಎಂದೆ.

"ಬರ್ತಾ ಉಂಟಾ ಅಂತ ಬೇರೆ ಕೇಳ್ತಿ. ಕೋಣೆಯಿಡೀ ಉಂಟು."

ಅವರು ಮೂಗು ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದರು. ನಾನು ದಿಂಬನ್ನು ಇನ್ನಷ್ಟು ಹತ್ತಿರ ಎಳೆದುಕೊಂಡೆ.