ರಕ್ತ ಕಾಣದ ಗಾಯ

ಇಪ್ಪತ್ತೆರಡು ವರ್ಷಗಳಿಂದ ತಿಕೋಟಾದ ಒಂದು ಖಾಸಗಿ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದೇನೆ. ಗಾಯ ತೊಳೆದು ಪಟ್ಟಿ ಕಟ್ಟುವುದು, ಹೇಳಿದ ಇಂಜೆಕ್ಷನ್ ಕೊಡುವುದು, ಇಷ್ಟೇ ನನ್ನ ಕೆಲಸ. ಆದರೂ ಜನ ನನ್ನನ್ನು ಡಾಕ್ಟರೆಂದೇ ಕರೆಯುತ್ತಾರೆ, ನಾನು ಒಮ್ಮೆಯೂ ತಿದ್ದಿಲ್ಲ. ವಿಜಯಪುರದ ಅಥಣಿ ರಸ್ತೆಯ ನಮ್ಮ ಬಡಾವಣೆಯಲ್ಲೂ ಅದೇ ಕಥೆ. ಬೈಕ್ ನಿಲ್ಲಿಸುವುದೇ ತಡ, ಯಾರಾದರೊಬ್ಬರು ಬಿ.ಪಿ. ನೋಡಿ ಎಂದು ತೋಳು ಚಾಚುತ್ತಾರೆ. ಹಿಗ್ಗುತ್ತೇನೆ. ಆ ಹಿಗ್ಗು ಒಬ್ಬನ ಜೀವ ತೆಗೆಯಿತು.

ಎರಡು ವರ್ಷದ ಹಿಂದೆ ಸಾರವಾಡದ ನಮ್ಮ ಹೊಲದ ಬಾವಿಯನ್ನು ಇನ್ನಷ್ಟು ಆಳ ಮಾಡಿಸುತ್ತಿದ್ದೆ. ಕೆಳಗೆ ಕರಿಕಲ್ಲು, ಗುದ್ದಲಿಗೆ ಬಗ್ಗುವಂಥದ್ದಲ್ಲ, ಸಿಡಿಮದ್ದು ಹಾರಿಸಲೇಬೇಕು. ಕಾಖಂಡಕಿಯಿಂದ ಆ ಕೆಲಸದವರು ಮೂವರು ಬಂದಿದ್ದರು: ಗಂಡ, ಹೆಂಡತಿ, ಗಂಡನ ತಮ್ಮ. ಅಣ್ಣತಮ್ಮಂದಿರದು ಬಾವಿಯೊಳಗಿನ ಕೆಲಸ. ಆಕೆ ಮೇಲೆ ನಿಂತು, ಮದ್ದು ಹಾರುವ ಹೊತ್ತಿಗೆ ದಾರಿಯಲ್ಲಿ ಬರುವವರನ್ನು ಕೂಗಿ ನಿಲ್ಲಿಸುತ್ತಿದ್ದಳು. ಒಂದು ಬೆಳಿಗ್ಗೆ ಕೂಗುವುದಕ್ಕೆ ಹೊತ್ತೇ ಸಿಗಲಿಲ್ಲ. ಇಬ್ಬರೂ ಒಳಗಿದ್ದಾಗಲೇ, ಹಿಂದಿನ ದಿನ ಹಾರದೆ ಉಳಿದಿದ್ದ ಮದ್ದು ಹಾರಿತು.

ಹಗ್ಗ ಬಿಟ್ಟು ಇಬ್ಬರನ್ನೂ ಮೇಲಕ್ಕೆಳೆದೆವು. ತಮ್ಮನ ಹಣೆ ಸೀಳಿತ್ತು, ತೋಳಿನ ತುಂಬ ಕಲ್ಲಿನ ಚೂರುಗಳು ನೆಟ್ಟಿದ್ದವು, ಅಂಗಿ ರಕ್ತದಲ್ಲಿ ತೊಯ್ದಿತ್ತು. ಅಣ್ಣನ ಮೈಮೇಲೆ ಒಂದು ಗೀರೂ ಇಲ್ಲ. ತಾನೇ ನಡೆದು ಹೋಗಿ ಬೇವಿನ ಗಿಡದ ನೆರಳಿಗೆ ಕೂತ. "ಆರಾಮ ಅದಿಯೇನೋ?" ಎಂದೆ. ತಲೆಯಾಡಿಸಿದ.

ಪಕ್ಕದ ಹೊಲದವರು ಕಾರು ತಂದರು. ತಮ್ಮನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ಹಣೆಗೆ ಬಟ್ಟೆ ಒತ್ತಿ ಹಿಡಿದು ನಾನೂ ಕೂತೆ. ಅಣ್ಣನ ಹೆಂಡತಿ ಬಂದು ಕಾರಿನ ಬಾಗಿಲು ಹಿಡಿದಳು.

"ಯಪ್ಪಾ, ಇವರನ್ನೂ ಕರ್ಕೊಂಡ ಹೋಗ್ರಿ. ಕರದ್ರ ಹೊಳ್ಳಿ ನೋಡವಲ್ರು. ಉಸರೂ ಒಂಥರಾ ಬಿಡಾಕತ್ತಾರ."

"ಅಂವಗೇನಾಗೇತಿ? ಒಂದ ಹನಿ ರಕ್ತರೇ ಐತೇನು? ಅಂಜ್ಯಾನ, ಅಷ್ಟ. ಮಜ್ಜಿಗಿ ಕುಡಿಸಿ ಮಲಗಸು, ಎಬ್ಬಸಬ್ಯಾಡ."

"ಮುಂದ ಜಾಗಾ ಐತೆಲ್ರಿ..."

"ದವಾಖಾನಿ ಕೆಲಸ ನಿನಗ ಗೊತ್ತೋ, ನನಗ ಗೊತ್ತೋ?"

ಆಕೆ ಬಾಗಿಲು ಬಿಟ್ಟಳು. ಮುಂದೆ ಜಾಗ ಇತ್ತು. ಆ ಸೀಟಿನ ಮೇಲೆ ನನ್ನ ಊಟದ ಡಬ್ಬಿ ಇಟ್ಟಿದ್ದೆ.

ವಿಜಯಪುರದ ಆಸ್ಪತ್ರೆಯಲ್ಲಿ ಹಣೆಗೆ ಹೊಲಿಗೆ ಹಾಕುತ್ತಿದ್ದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬಾವಿಯೊಳಗೆ ಇನ್ಯಾರಿದ್ದರು ಎಂದು ಕೇಳಿದಳು. "ಇವನ ಅಣ್ಣ ಇದ್ದನ್ರಿ ಮೇಡಂ. ಆರಾಮ ಅದಾನ, ಗಾಯಾನ ಇಲ್ಲ" ಎಂದೆ. ಆಕೆಯ ಕೈ ನಿಂತಿತು. "ಮೊದಲ ಅವರನ್ನ ಕರಸ್ರಿ" ಎಂದು ಗದರಿಸಿದಳು.

ನಾನು ಫೋನು ತೆಗೆಯುತ್ತಿರುವಾಗಲೇ ಹೇಳಿದಳು. ಸಿಡಿದ ಚೂರು ಚರ್ಮ ಹರಿಯುತ್ತದೆ, ಅದು ಎಲ್ಲರಿಗೂ ಕಾಣುತ್ತದೆ. ಆದರೆ ಸ್ಫೋಟ ದೂಡುವ ಗಾಳಿ ಚರ್ಮ ಹರಿಯದೆಯೇ ಒಳಗೆ ಹೊಡೆಯುತ್ತದೆ, ಅದೂ ಮೈಯಲ್ಲಿ ಗಾಳಿ ಇರುವ ಕಡೆಗೇ: ಕಿವಿ, ಪುಪ್ಪುಸ, ಕರುಳು. ಬಾವಿಯಂಥ ಇಕ್ಕಟ್ಟಿನಲ್ಲಿ ಗೋಡೆಗೆ ಬಡಿದು ಮತ್ತೆ ತಿರುಗಿ ಬರುತ್ತದೆ. ಯುದ್ಧದ ಬಾಂಬಾದರೂ ಅಷ್ಟೇ, ಬಾವಿಯ ಮದ್ದಾದರೂ ಅಷ್ಟೇ, ಮೈಗೆ ವ್ಯತ್ಯಾಸ ತಿಳಿಯುವುದಿಲ್ಲ. ಕಿವಿಯ ತಮಟೆ ಹರಿದವನು ಕರೆದರೆ ತಿರುಗುವುದಿಲ್ಲ. ಪುಪ್ಪುಸ ಒಡೆದವನು ಎದ್ದು ಓಡಾಡಿಕೊಂಡೇ ಇರುತ್ತಾನೆ, ಒಳಗೆ ರಕ್ತ ತುಂಬುತ್ತಾ ಹೋಗುತ್ತದೆ.

ಅವನ ಹೆಂಡತಿ ಕಾರಿನ ಬಾಗಿಲು ಹಿಡಿದು ಹೇಳಿದ್ದೂ ಅದನ್ನೇ ಅಲ್ಲವೇ? ಅವನು ನನ್ನ ಪ್ರಶ್ನೆಗೆ ತಲೆಯಾಡಿಸಿರಲಿಲ್ಲ. ನನ್ನ ಬಾಯಿ ಅಲುಗಿದ್ದು ಕಂಡಿತ್ತು, ದೊಡ್ಡವರು ಏನೋ ಹೇಳುತ್ತಿದ್ದಾರೆ ಎಂದು ಮರ್ಯಾದೆಗೆ ಆಡಿಸಿದ್ದ.

ಫೋನು ಅವನ ಹೆಂಡತಿಯೇ ಎತ್ತಿದಳು. "ಮಲಗ್ಯಾರ್ರಿ. ನೀವ ಹೇಳಿದಂಗ ಎಬ್ಬಿಸಿಲ್ಲ."

ಕಾರು ಮತ್ತೆ ಹೋಗಿ ಅವನನ್ನು ಕರೆತರುವಷ್ಟರಲ್ಲಿ ತುಟಿ ನೀಲಿಯಾಗಿತ್ತು. ಕೆಮ್ಮಿದರೆ ಕೆಂಪು ನೊರೆ ಬರುತ್ತಿತ್ತು. ಮೂರನೆಯ ದಿನ ತೀರಿಕೊಂಡ.

ಮಣ್ಣು ಮಾಡುವ ದಿನ ಕಾಖಂಡಕಿಗೆ ಹೋದೆ. ಅವನ ತಾಯಿ ಎದೆ ಬಡಿದುಕೊಂಡು ಸೊಸೆಯ ಕಡೆ ಕೈ ತೋರಿಸುತ್ತಿದ್ದಳು. "ಮದ್ದ ಹಾರಿದ ಮೈಗೆ ಮಜ್ಜಿಗಿ ಕುಡಿಸಿದಳ್ರೋ! ನನ್ನ ಮಗನ ಎದಿ ಕಟ್ಟತು!" ಕೂತವರೆಲ್ಲ ಹೌದು ಹೌದು ಎಂದರು. ಒಬ್ಬ ಹಿರಿಯರು ನನ್ನ ಕಡೆ ತಿರುಗಿ, "ಹೌದಲ್ರಿ ಡಾಕ್ಟ್ರ?" ಎಂದು ಕೇಳಿದರು. ಸೊಸೆ ತಲೆಯೆತ್ತಿ ನನ್ನನ್ನು ನೋಡಿದಳು.

"ಇರಬಹುದ್ರಿ" ಎಂದೆ.

ಆ ಒಂದು ಮಾತು ಎರಡು ವರ್ಷ ನನ್ನನ್ನು ಬಿಡಲಿಲ್ಲ. ಸೀಟು ಕೊಡದಿದ್ದದ್ದು ಅಜ್ಞಾನ ಎಂದಾದರೂ ಹೇಳಿಕೊಳ್ಳಬಹುದು. ಇದಕ್ಕೆ ಆ ನೆಪವೂ ಇಲ್ಲ, ಶುದ್ಧ ಹೇಡಿತನ. ಕಳೆದ ತಿಂಗಳು ರಜೆ ಹಾಕಿ ಕಾಖಂಡಕಿಯ ಬಸ್ಸು ಹತ್ತಿದೆ. ಸೊಸೆ ಹೊಸ್ತಿಲೊಳಗೆ ಕೂತು ಜೋಳ ಹಸನು ಮಾಡುತ್ತಿದ್ದಳು. ನಿಂತಲ್ಲೇ ಎಲ್ಲ ಹೇಳಿದೆ. "ಮಜ್ಜಿಗಿದೇನೂ ತಪ್ಪಿಲ್ಲವ್ವಾ. ತಪ್ಪ ನಂದು."

ಆಕೆ ಕೈಯಲ್ಲಿದ್ದ ಮೊರ ಕೆಳಗಿಡಲಿಲ್ಲ.

"ಕುಡಿಸು ಅಂದ ಬಾಯಿ ಯಾವುದಂತ ನಾ ಮರತೇನೇನ್ರಿ? ನನಗ ಗೊತ್ತಿದ್ದದ್ದ ನನ್ನ ಮುಂದ ಹೇಳಾಕ ಇಷ್ಟ ದೂರ ಬಂದ್ರೇನು? ಎರಡ ವರ್ಷಾತು, ನಮ್ಮತ್ತಿ ನನ್ನ ಕೈಯಾಗಿನ ನೀರ ಇಸ್ಕೊಳ್ಳವಲ್ಲಳು. ಅಕಾ ನೋಡ್ರಿ, ಎದರಗಿನ ಕಟ್ಟಿ ಮ್ಯಾಲ ಕುಂತಾಳ. ಓಣಿ ಮಂದೀನೂ ಐತಿ. ಅಲ್ಲಿ ಹೇಳಿ ಹೋಗ್ರಿ."

ಹೇಳುತ್ತೇನೆ ಎಂದು ಓಣಿ ದಾಟಿದೆ. ನನ್ನನ್ನು ನೋಡಿ ಕಟ್ಟೆಯ ಮೇಲಿದ್ದವರು ಸರಿದು ಕೂತರು. ಒಬ್ಬರು ಟಾವೆಲ್ಲಿನಿಂದ ಧೂಳು ಒರೆಸಿ ಜಾಗ ಮಾಡಿಕೊಟ್ಟರು. ಮುದುಕಿ ತಲೆಯ ಮೇಲೆ ಸೆರಗೆಳೆದುಕೊಂಡು ಕೈ ಮುಗಿದಳು. ಕೂತೆ. ಎಲ್ಲರೂ ನನ್ನ ಮುಖ ನೋಡುತ್ತಿದ್ದರು.

"ಈ ಸಲ ದ್ರಾಕ್ಷಿ ಹ್ಯಾಂಗದಾವ್ರಿ?" ಎಂದು ಕೇಳಿದೆ.

ಅವರು ಹೇಳತೊಡಗಿದರು. ಆಕೆ ಬಾಗಿಲಿಗೆ ಬಂದು ನಿಂತು ಕೇಳುತ್ತಿದ್ದಳು.